ಸುಬೇದಾರ್ ಮೇಜರನ ಅಣ್ಣ

ನಮ್ಮ ಮನೆಯಲ್ಲಿ ರೊಟ್ಟಿಗೆ ಒಂದು ಸರದಿ ಇತ್ತು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಅಪ್ಪನಿಗೆ, ಎರಡನೆಯದು ದೇವಪ್ಪನಿಗೆ, ಮೂರನೆಯದು ನನಗೆ. ಅಪ್ಪ ಹೊಲದಿಂದ ಬರುವುದು ತಡವಾದ ದಿನ ಮೊದಲನೆಯದೇ ದೇವಪ್ಪನ ಪಾಲಾಗುತ್ತಿತ್ತು. ಒಟ್ಟಿನಲ್ಲಿ ಅವನು ಮುಂದೆ, ನಾನು ಹಿಂದೆ. ರೊಟ್ಟಿ ರೊಟ್ಟಿಯೇ ಅಲ್ಲವೇ, ಇದರಲ್ಲೇನು ದೊಡ್ಡ ಮಾತು ಅಂತ ಈಗಿನವರಿಗೆ ಅನಿಸಬಹುದು. ಹಾಗಲ್ಲ. ತೊಗರಿ ಕಟ್ಟಿಗೆಯ ಉರಿ ಜೋರಾಗಿ ಹತ್ತಿ ಅಷ್ಟೇ ಜೋರಾಗಿ ಇಳಿಯುತ್ತದೆ. ಮೊದಲಿನ ಎರಡು ರೊಟ್ಟಿಗೆ ಒಲೆ ಭರ್ಜರಿ ಉರಿದು ರೊಟ್ಟಿ ಪುಗ್ಗೆಯ ಹಾಗೆ ಉಬ್ಬುತ್ತದೆ. ಮೂರನೆಯದು ಹಂಚಿಗೆ ಬೀಳುವ ಹೊತ್ತಿಗೆ ಉರಿ ತಗ್ಗಿ ಹೊಗೆ ಎದ್ದಿರುತ್ತದೆ. ಅವ್ವ ಕೆಮ್ಮುತ್ತ ಹೊಸ ಕಟ್ಟಿಗೆ ಮುರಿದು ಒಲೆಗೆ ತುರುಕುತ್ತಿರುತ್ತಾಳೆ. ಅಷ್ಟರಲ್ಲಿ ನನ್ನ ರೊಟ್ಟಿಯ ಒಂದು ಮಗ್ಗುಲು ಕರ್ರಗಾಗಿ ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿದಿರುತ್ತದೆ. ಅಂಥ ಅರೆಬೆಂದ ರೊಟ್ಟಿ ತಿಂದು ನಾನು ಬೆಳೆದೆ. ಉಬ್ಬಿದ ರೊಟ್ಟಿ ತಿಂದವನು ಮುಂದೆ ಮಿಲ್ಟ್ರಿಯಲ್ಲಿ ಸುಬೇದಾರ್ ಮೇಜರ್ ಆದ.

ದೇವಪ್ಪ ನನ್ನ ಒಡಹುಟ್ಟಿದವನಲ್ಲ, ದೊಡ್ಡಪ್ಪನ ಮಗ. ಅವನು ಎಂಟು ತಿಂಗಳ ಕೂಸಿದ್ದಾಗ ದೊಡ್ಡವ್ವ ತೀರಿಕೊಂಡಳು. ದೊಡ್ಡಪ್ಪ ಯಲಬುರ್ಗಾದ ಕಡೆ ಇನ್ನೊಂದು ಲಗ್ನ ಮಾಡಿಕೊಂಡು ಅಲ್ಲೇ ಉಳಿದುಬಿಟ್ಟ, ಕೂಸನ್ನು ನಮ್ಮ ಅವ್ವನ ಉಡಿಗೆ ಹಾಕಿ ಹೋದ. ಆಗ ನಾನಿನ್ನೂ ಅವ್ವನ ಹೊಟ್ಟೆಯಲ್ಲಿದ್ದೆ. ನಾನು ಹುಟ್ಟಿ ಕಣ್ಣು ಬಿಡುವಷ್ಟರಲ್ಲಿ ಅವ್ವನ ತೊಡೆಯ ಮೇಲೆ ಇನ್ನೊಬ್ಬ ಕೂತಾಗಿತ್ತು. ನನಗಿಂತ ಒಂದು ವರ್ಷ, ಮೇಲೆ ಒಂದು ತಿಂಗಳಿಗೆ ದೊಡ್ಡವನು. ನಮ್ಮಪ್ಪನನ್ನು ಕಾಕಾ ಅಂತ ಕರೆಯುತ್ತಿದ್ದ, ಆದರೆ ನಮ್ಮವ್ವನನ್ನು ಅವ್ವ ಅಂತಲೇ. ಸಣ್ಣವನಿದ್ದಾಗ ಅವನು ಹಾಗೆ ಕರೆದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಕರೆಯುವುದಕ್ಕೆ ಊರಲ್ಲಿ ಬೇರೆ ಹೆಂಗಸರಿರಲಿಲ್ಲವೇ?

ನಮ್ಮದು ತಾವರಗೇರಾದಲ್ಲಿ ಮಣ್ಣಿನ ಗೋಡೆಯ ಮಾಳಿಗೆ ಮನೆ. ತಲಬಾಗಿಲು ದಾಟಿದರೆ ಎಡಕ್ಕೆ ತಗ್ಗಿನಲ್ಲಿ ಎರಡು ಎತ್ತು, ಒಂದು ಆಕಳು. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ನಾವು ಇರುವ ಪಡಸಾಲೆ. ಅದರ ಹಿಂದೆ ಅಡಿಗೆ ಮನೆ. ಅಡಿಗೆ ಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಗೆ ಕೊರೆದ ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿದು ನೆಲದ ಮೇಲೆ ರೊಟ್ಟಿಯಗಲ ಬೀಳುತ್ತಿತ್ತು. ಆ ಬೆಳಕು ಬೀಳುವ ಜಾಗದಲ್ಲಿ ಕೂಡುವವನೂ ದೇವಪ್ಪನೇ. ಮಲಗುವಾಗ ಗೋಡೆಯ ಕಡೆ ಆಯಿ, ಅಂದರೆ ಅಪ್ಪನ ತಾಯಿ, ಆಮೇಲೆ ನಾನು, ಆಮೇಲೆ ಅವ್ವ, ಅವ್ವನ ಆ ಕಡೆ ಅವನು. ಅವ್ವ ಯಾವಾಗಲೂ ಆ ಕಡೆ ಮಗ್ಗುಲಾಗಿ ಮಲಗುತ್ತಿದ್ದಳು. ಬಲಗಡೆ ಮಲಗಿದರೆ ಎದೆ ಹಗುರ ಅಂತ ಆಕೆ ಹೇಳುತ್ತಿದ್ದದ್ದು ಇರಬಹುದು. ನನಗೆ ನೆನಪಿರುವುದು ಆಕೆಯ ಬೆನ್ನು.

ಪಂಚಮಿ ಹಬ್ಬದಲ್ಲಿ ಕಲ್ಲು ನಾಗಪ್ಪನಿಗೆ ಹಾಲೆರೆಯುತ್ತೇವೆ. ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ, ಮನೆಯ ಒಬ್ಬೊಬ್ಬರ ಹೆಸರು ಹೇಳಿ ಅವರ ಪಾಲು ಅಂತ ಎರೆಯುವುದು. ಅವ್ವನ ಬಾಯಲ್ಲಿ ದೇವರ ಪಾಲು, ಹಿರಿಯರ ಪಾಲು, ಅತ್ತೆಯ ಪಾಲು, ಗಂಡನ ಪಾಲು, ದೇವಪ್ಪನ ಪಾಲು, ಕಡೆಗೆ ಯಂಕಪ್ಪನ ಪಾಲು. ಯಂಕಪ್ಪ ನಾನು. ನನ್ನ ಸರದಿ ಬರುವ ಹೊತ್ತಿಗೆ ಗಿಂಡಿಯ ತಳ ಕಾಣುತ್ತಿತ್ತು. ಒಂದು ವರ್ಷ ತಡೆಯಲಾರದೆ ಅಲ್ಲೇ, ಓಣಿಯ ಹೆಂಗಸರೆಲ್ಲ ನಿಂತ ಕಡೆ, ಕಾಲು ಅಪ್ಪಳಿಸಿ ಕೇಳಿಬಿಟ್ಟೆ.

"ಯಾವಾಗ್ಲೂ ನಂದು ಕಡೀಕ ಯಾಕಬೇ?"

"ಅವಗ ತಾಯಿ ಇಲ್ಲೋ ಯಂಕಾ. ನಿನಗ ನಾ ಇಲ್ಲೇನು?"

"ಎಲ್ಲಿ ಅದೀ? ಇದ್ದಾಕಿ ಅವಗ ಆಗೀ."

ಹೆಂಗಸರು ನಕ್ಕರು. ಅವ್ವ ನಗಲಿಲ್ಲ. ಹಾಲಿನ ಕೈಯಿಂದಲೇ ಕಪಾಳಕ್ಕೆ ಕೊಟ್ಟಳು. ದೇವಪ್ಪ ತನ್ನ ಪಾಲಿನ ತಂಬಿಟ್ಟಿನ ಉಂಡಿ ತಂದು ನನ್ನ ಕೈಗಿಟ್ಟ. ಆಗ ಹೆಂಗಸರೆಲ್ಲ, ನೋಡ್ರೀ ಆ ಹುಡುಗನ ಗುಣ, ನೋಡ್ರೀ ಆ ಹುಡುಗನ ಗುಣ ಅಂದರು. ಏಟು ಬಿದ್ದದ್ದು ನನಗೆ, ಹೆಸರು ಬಂದದ್ದು ಅವನಿಗೆ. ಮುಂದಿನ ಐವತ್ತು ವರ್ಷದ ಲೆಕ್ಕ ಅಲ್ಲೇ ಶುರುವಾಯಿತು ಅಂದರೆ ಸುಳ್ಳಲ್ಲ. ಉಂಡಿಯನ್ನು ನಾನು ಆಕಳಿಗೆ ತಿನ್ನಿಸಿದೆ. ತಿನ್ನಿಸಿದ ಮೇಲೆ ತಿನ್ನಬೇಕಿತ್ತು ಅನಿಸಿತು.

ಆ ವರ್ಷವೇ ಸಾಲಿಯ ಮಾಸ್ತರರು ಓಣಿ ಓಣಿ ತಿರುಗಿ ಹುಡುಗರ ಹೆಸರು ಬರೆದುಕೊಳ್ಳಲು ಬಂದರು. ಆಗ ನಮ್ಮ ಕಡೆ ಹುಟ್ಟಿದ ತಾರೀಕು ಯಾರ ಹತ್ತಿರ ಇರುತ್ತಿತ್ತು? ಮಾಸ್ತರರು ನಮ್ಮ ಮನೆ ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ, ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿ ತೋರಿಸಿರಿ ಅಂದರು. ಮುಟ್ಟಿದರೆ ಆರು ತುಂಬಿತು, ಸಾಲಿಗೆ ಬರಬಹುದು. ಮುಟ್ಟದಿದ್ದರೆ ಮುಂದಿನ ವರ್ಷ. ದೇವಪ್ಪ ಆಗ ದುಂಡಗೆ, ಗಿಡ್ಡ ಕೈಯವನು. ತಲೆಯೂ ದೊಡ್ಡದು. ಎಷ್ಟು ಒದ್ದಾಡಿದರೂ ಅವನ ಬೆರಳು ಕಿವಿಯ ಮೇಲಿನ ಕೂದಲಲ್ಲೇ ನಿಂತವು. ನಾನು ಸಣಕಲ, ಕೈ ಮಂಗನ ಕೈ. ಒಂದೇ ಸಲಕ್ಕೆ ಕಿವಿ ಹಿಡಿದು ಜಗ್ಗಿ ತೋರಿಸಿದೆ.

"ಇವ ದೊಡ್ಡವ ಏನ್ರಿ?" ಮಾಸ್ತರರು ಅಪ್ಪನನ್ನು ಕೇಳಿದರು.

ಅಪ್ಪ ಎತ್ತಿನ ಕೊರಳಿಗೆ ಹಗ್ಗ ಹಾಕುತ್ತಿದ್ದ, ತಿರುಗಿ ನೋಡಲಿಲ್ಲ. ನಾನೇ ಹೇಳಿದೆ.

"ಹೌದ್ರೀ ಸರ. ನಾ ದೊಡ್ಡವ. ಇವ ನನ್ನ ತಮ್ಮ."

ಆಯಿ ಒಳಗಿಂದ "ಅಯ್ಯ ಭಾಡ್ಯಾ, ಏನ್ ಹೇಳ್ತಾನ ನೋಡ" ಅಂದಳು. ಮಾಸ್ತರರಿಗೆ ಕೇಳಿಸಿತೋ ಇಲ್ಲವೋ, ಬರೆದುಕೊಂಡಾಗಿತ್ತು. ಅಪ್ಪನಿಗೆ ಬಿತ್ತಿಗೆಯ ಅವಸರ, "ಏನರ ಬರಕೊಳ್ರಿ, ಇಬ್ರೂ ನಮ್ಮವರ" ಅಂತ ಎತ್ತು ಹೊಡೆದುಕೊಂಡು ಹೋದ. ನಾನು ಹೇಳಿದ್ದು ಅಷ್ಟೇ ಸುಳ್ಳು. ನಾನು ಆರು, ಅವನು ಐದು ಅಂತ ಕಾಗದದಲ್ಲಿ ನಿಂತಿತು. ನಾನು ಸಾಲಿಗೆ ಹೋದೆ, ಅವನು ಇನ್ನೊಂದು ವರ್ಷ ಕುರಿ ಮರಿ ಮೇಯಿಸಿದ. ಮೊದಲ ದಿನ ಪಾಟಿ ಹಿಡಿದು ಮನೆಗೆ ಬಂದವನೇ ಅಡಿಗೆ ಮನೆಗೆ ನುಗ್ಗಿ ಬೆಳಕು ಬೀಳುವ ಜಾಗದಲ್ಲಿ ಕೂತು, ಇನ್ನು ಮುಂದೆ ಎರಡನೇ ರೊಟ್ಟಿ ನನಗೆ ಅಂತ ಅವ್ವನಿಗೆ ಅಂದೆ.

"ಯಾಕೋ?"

"ನಾ ದೊಡ್ಡವ. ಸಾಲ್ಯಾಗ ಬರದಾರ."

"ಬರೀಲಿ. ಆ ಪುಸ್ತಕ ನಿಮ್ಮ ಮಾಸ್ತರಂದು, ಈ ಹಂಚು ನಂದು. ಸರಿ ಆ ಕಡೆ."

ಓದಿನಲ್ಲಿ ನಾನು ಹಿಂದೆ ಬೀಳಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಮಗ್ಗಿ ಇಪ್ಪತ್ತರ ತನಕ ನೀರು ಕುಡಿದ ಹಾಗೆ ಹೇಳುತ್ತಿದ್ದೆ, ಓಣಿಯವರ ಕಾಗದ ನಾನೇ ಓದುತ್ತಿದ್ದೆ. ದೇವಪ್ಪ ಒಂದು ತರಗತಿ ಹಿಂದೆ ಬಂದು ನನ್ನ ಹಳೇ ಪುಸ್ತಕದಲ್ಲಿ ನಾನು ಬರೆದಿಟ್ಟ ಉತ್ತರ ನೋಡಿ ಪಾಸಾಗುತ್ತಿದ್ದ. ನನ್ನ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನುವ ಸುಖ ಅನುಭವಿಸಿದ್ದು ನಾನು ಆ ಏಳು ವರ್ಷ ಮಾತ್ರ.

ನಾನು ಏಳನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಹೇರಿದ ಚಕ್ಕಡಿಯ ಮೇಲಿಂದ ಜಾರಿ ಬಿದ್ದ. ಗಾಲಿ ಪಾದದ ಮೇಲೆ ಹರಿಯಿತು. ಕುಷ್ಟಗಿಗೆ ಒಯ್ದು ಕಟ್ಟು ಹಾಕಿಸಿಕೊಂಡು ಬಂದೆವು; ಒಂದು ವರ್ಷ ನೇಗಿಲ ಹಿಂದೆ ನಡೆಯುವುದು ಆಗದ ಮಾತು ಅಂದರು. ಮುಂಗಾರಿಗೆ ಇನ್ನು ಹದಿನೈದು ದಿನ. ಅಂದು ಮಧ್ಯಾಹ್ನ ಪಡಸಾಲೆಯಲ್ಲಿ ಅಪ್ಪ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದ. ಆಯಿ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದಳು. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು, ಇಬ್ಬರಲ್ಲಿ ಒಬ್ಬ ಸಾಲಿ ಬಿಡಬೇಕು. ಮೊದಲು ಬಾಯಿ ತೆರೆದವನು ದೇವಪ್ಪ.

"ಕಾಕಾ, ನಾ ಬಿಡ್ತೀನಿ. ಯಂಕಪ್ಪ ಶಾಣ್ಯಾ ಅದಾನ, ಓದ್ಲಿ. ನಾ ದೊಡ್ಡವ."

ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಆಕೆಯ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ. ಅವನ ಕಡೆ ನೋಡಿದ ಆ ನೋಟ ಇದೆಯಲ್ಲ, ಅಂಥದ್ದು ನನ್ನ ಕಡೆ ಹದಿಮೂರು ವರ್ಷದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಅವನು ನೇಗಿಲು ಹಿಡಿದರೆ ಸಾಯುವ ತನಕ ಆ ನೋಟ ಅವನದೇ ಆಗಿಬಿಡುತ್ತಿತ್ತು. ಸಾಲಿ ಹೋದರೆ ಹೋಗಲಿ, ಇದನ್ನು ಮಾತ್ರ ಅವನಿಗೆ ಬಿಡಬಾರದು ಅಂತ ನನ್ನ ಹೊಟ್ಟೆಯಲ್ಲಿ ಯಾರೋ ಕೂತು ಹೇಳಿದ ಹಾಗಾಯಿತು.

"ನೀ ಎಲ್ಲಿ ದೊಡ್ಡವ?" ಅಂದೆ. "ಸಾಲ್ಯಾಗ ನೋಡ ಹೋಗು. ದೊಡ್ಡವ ನಾನು. ನೇಗಿಲ ನಾ ಹಿಡೀತೀನಿ."

"ಏ ಹುಚ್ಚಪ್ಯಾಲಿ, ಅದನ್ನ ಈಗ್ಯಾಕ ತಗೀತೀ?" ಅಂದಳು ಆಯಿ.

"ನಿನಗ ಆಗೂದಿಲ್ಲೋ ತಮ್ಮಾ," ಅಂದ ದೇವಪ್ಪ. "ಮೈಯಾಗ ಕಸುವ ಎಲ್ಲೈತಿ ನಿನಗ?"

ಅಷ್ಟು ಸಾಕಾಯಿತು. ನಾನು ಹೊರಗೆ ಹೋಗಿ ಸಂದಿಯಲ್ಲಿ ನಿಲ್ಲಿಸಿದ್ದ ನೇಗಿಲನ್ನು ಹೆಗಲಿಗೆ ಹಾಕಿಕೊಂಡು ತಲಬಾಗಿಲ ತನಕ ಬಂದೆ. ಹೊಸ್ತಿಲಲ್ಲಿ ಎಡವಿ ಬಿದ್ದೆ, ಮೊಣಕಾಲು ಒಡೆಯಿತು, ನೇಗಿಲು ಬಿಡಲಿಲ್ಲ. ಅಪ್ಪ ಅದನ್ನು ನೋಡಿ, ಇವನು ಏಳನೆಯದು ಮುಗಿಸಿದ್ದಾನೆ, ಇವನೇ ಬರಲಿ, ಅವನು ಓದಲಿ ಅಂದ. ಆ ಸಂಜೆ ಅವ್ವ ನನಗೆ ಎಲ್ಲರಿಗಿಂತ ಮೊದಲು, ಅಪ್ಪನಿಗಿಂತಲೂ ಮೊದಲು, ಉಬ್ಬಿದ ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟಳು. ಮರುದಿನ ಬೆಳಿಗ್ಗೆ ಸರದಿ ಮತ್ತೆ ಮೊದಲಿನಂತೆ. ಒಂದು ರೊಟ್ಟಿಗೆ ನಾನು ಸಾಲಿ ಕೊಟ್ಟೆ ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ. ಆದರೆ ತೆಗೆದು ಹಾಕುವುದಕ್ಕೂ ಬರುವುದಿಲ್ಲ.

ಎರೆ ಹೊಲದಲ್ಲಿ ನೇಗಿಲು ಹೊಡೆಯುವುದು ಏನೆಂದು ಹೊಡೆದವನಿಗೆ ಗೊತ್ತು. ಒಂದು ವರ್ಷ ಅಂದದ್ದು ಎರಡಾಯಿತು, ಅಪ್ಪನ ಕಾಲು ಸೊಟ್ಟಗೇ ಕೂಡಿಕೊಂಡಿತು, ನನ್ನ ಹೆಸರು ಹೈಸ್ಕೂಲಿನ ಪುಸ್ತಕದಲ್ಲಿ ಯಾವತ್ತೂ ಏರಲಿಲ್ಲ. ನಾನು ಹೊಲದಿಂದ ಬರುವ ಹೊತ್ತಿಗೆ ದೇವಪ್ಪ ಕಟ್ಟೆಯ ಮೇಲೆ ಓದುತ್ತ ಕೂತಿರುತ್ತಿದ್ದ. ಅವನೂ ಅಂಥ ಬುದ್ಧಿವಂತನೇನಲ್ಲ, ಹತ್ತನೆಯದರಲ್ಲಿ ಎರಡು ಸಲ ಡುಮ್ಕಿ ಹೊಡೆದ. ಆದರೆ ಆ ವರ್ಷಗಳಲ್ಲಿ ಅವನ ಗಿಡ್ಡ ಕೈ ಉದ್ದವಾದವು, ಎದೆ ಅಗಲವಾಯಿತು, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ ಆದ. ಕೊಪ್ಪಳದಲ್ಲಿ ಮಿಲ್ಟ್ರಿ ಭರ್ತಿ ಇದೆ ಅಂತ ಕೇಳಿ ಬುತ್ತಿ ಕಟ್ಟಿಸಿಕೊಂಡು ಹೋದವನು ಮರುದಿನ ನಗುತ್ತ ಬಂದ.

"ಓಡಿದ್ವಿ, ಎದಿ ಅಳದ್ರು, ಹಲ್ಲ ಎಣಿಸಿದ್ರು. ಕಡೀಕ ಸಾಲಿ ಕಾಗದ ನೋಡಿದ್ರವ್ವಾ. ವಯಸ್ಸ ಎರಡೇ ಎರಡ ತಿಂಗಳದಾಗ ಪಾರಾತು. ಇಲ್ಲಂದ್ರ ಹೊಳ್ಳಿ ಕಳಸ್ತಿದ್ರು."

"ದೇವ್ರ ದೊಡ್ಡಾವಪ್ಪಾ," ಅಂತ ಅವ್ವ ದೇವರ ಜಗಲಿಯ ಕಡೆ ಕೈ ಮುಗಿದಳು.

ದೇವರಲ್ಲ, ನಾನು! ಖರೆ ವಯಸ್ಸು ಬರೆದಿದ್ದರೆ ಅವನನ್ನು ಭರ್ತಿಯ ಸಾಲಿನಲ್ಲೇ ನಿಲ್ಲಗೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕಿವಿ ಹಿಡಿದು ನಾನು ಹೇಳಿದ ಸುಳ್ಳು ಅವನಿಗೆ ನೌಕರಿ ಕೊಡಿಸಿತು. ನನಗೆ ಕೊಟ್ಟದ್ದು ನೇಗಿಲು. ಇದನ್ನು ಅಂದೇ ಬಾಯಿ ಬಿಟ್ಟು ಹೇಳಬೇಕು ಅನಿಸಿತು. ಹೇಳಿದರೆ ಭರ್ತಿಯೇ ಕೆಡುತ್ತದೆ ಅನ್ನುವುದೂ ಹೊಳೆಯಿತು. ಎರಡು ದಿನ ಆ ಮಾತು ಗಂಟಲಲ್ಲಿಟ್ಟುಕೊಂಡು ತಿರುಗಿದೆ. ಹೇಳಲಿಲ್ಲ. ಒಳ್ಳೆಯತನದಿಂದ ಅಲ್ಲ. ಅವನು ಮನೆ ಬಿಟ್ಟು ಹೋಗುತ್ತಾನೆ, ಅವ್ವ ಪೂರಾ ನನ್ನವಳಾಗುತ್ತಾಳೆ ಅನ್ನುವ ಆಸೆಗೆ ಹೇಳಲಿಲ್ಲ.

ಅದೂ ಸುಳ್ಳಾಯಿತು. ಇದ್ದಾಗ ಅವನು ಎರಡನೇ ರೊಟ್ಟಿ ತಿನ್ನುತ್ತಿದ್ದ, ಹೋದ ಮೇಲೆ ಮನೆಯನ್ನೇ ತಿಂದ. ಮಳೆ ಬಂದರೆ ದ್ಯಾವಪ್ಪ ಎಲ್ಲಿ ತೊಯ್ಯುತ್ತಿದ್ದಾನೋ, ಚಳಿ ಬಿದ್ದರೆ ದ್ಯಾವಪ್ಪನ ಕೈಕಾಲು ಏನಾದವೋ. ನಾನು ಕೆಸರಲ್ಲಿ ತೊಯ್ದು ಎದುರಿಗೇ ನಿಂತಿರುತ್ತಿದ್ದೆ. ಪಂಚಮಿಯಲ್ಲಿ ಈಗಲಾದರೂ ನನ್ನ ಹೆಸರು ಒಂದು ಮೆಟ್ಟಿಲು ಮೇಲೇರೀತು ಅಂತ ನಿಂತರೆ, ಅವ್ವ ಗಂಡನ ಪಾಲಿಗಿಂತಲೂ ಮೊದಲು "ಪಲ್ಟನ್ದಾಗಿರೋ ದ್ಯಾವಪ್ಪನ ಪಾಲು" ಅಂತ ಗಿಂಡಿ ಬಗ್ಗಿಸಿದಳು. ಅವನ ಪತ್ರ ಬಂದರೆ ಓದುವವನು ನಾನೇ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಲಾನ್ಸ್ ನಾಯಕ್ ಆದ ಪತ್ರ, ನಾಯಕ್ ಆದ ಪತ್ರ, ಹವಾಲ್ದಾರ್ ಆದ ಪತ್ರ, ಅವನ ಒಂದೊಂದು ಮೆಟ್ಟಿಲನ್ನೂ ನನ್ನ ಬಾಯಿಂದಲೇ ಓದಿಸಿದ ದೇವರಿಗೆ ಏನನ್ನಬೇಕು? ನಾನು ಸುದ್ದಿಯನ್ನು ಮುಚ್ಚಿಡಲಿಲ್ಲ, ಆದರೆ ಅಂಗಡಿ ಚೀಟಿ ಓದಿದ ಹಾಗೆ ಓದುತ್ತಿದ್ದೆ. ಅವ್ವ ಅದೇ ಸಾಲನ್ನು ಮತ್ತೆ ಓದು ಅನ್ನುತ್ತಿದ್ದಳು. ಅದೇ ಸಾಲು ಎಲ್ಲಿದೆ ಅಂತ ಅಕ್ಷರ ಬಾರದ ಆಕೆ ಬೆರಳಿಟ್ಟು ತೋರಿಸುತ್ತಿದ್ದಳು.

ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಬರುವ ಎರಡು ತಿಂಗಳ ಮೊದಲೇ ಮಜ್ಜಿಗೆ ನೀರಾಗುತ್ತಿತ್ತು, ಯಾಕೆಂದರೆ ಬೆಣ್ಣೆಯೆಲ್ಲ ತುಪ್ಪವಾಗಿ ಅವನ ಹೆಸರಿನ ಡಬ್ಬಿಗೆ ಹೋಗುತ್ತಿತ್ತು. ಕರೀ ಕಬ್ಬಿಣದ ಟ್ರಂಕು ಪಡಸಾಲೆಯಲ್ಲಿ ಇಳಿದರೆ ಓಣಿಯ ಹುಡುಗರೆಲ್ಲ ಒಳಗೆ. ಅವನು ಹಾಸಿಗೆಯ ಅಂಚು ಅಂಚಿಗೆ ಕೂಡಿಸಿ ಮಡಚುತ್ತಿದ್ದ, ಚಪ್ಪಲಿಗಳನ್ನು ಸಾಲಾಗಿ ಇಡುತ್ತಿದ್ದ. ಹವಾಲ್ದಾರನಾಗಿ ಬಂದ ಸಲ ಒಂದು ಬೆಳಿಗ್ಗೆ ನಾನು ಎದ್ದು ನೋಡಿದರೆ ಎತ್ತಿನ ಗೋದಲಿಯ ಹತ್ತಿರ ಸಗಣಿ ಬಳಿದು, ನೆಲ ಕನ್ನಡಿಯ ಹಾಗೆ ಮಾಡಿ ನಿಂತಿದ್ದಾನೆ. ಅವ್ವ ಓಣಿಗೆ ಕೇಳುವ ಹಾಗೆ ಹೇಳುತ್ತಿದ್ದಾಳೆ, ನನ್ನ ಹವಾಲ್ದಾರ ಸಗಣಿ ಬಳದಾನ ನೋಡ್ರೇ ಯವ್ವಾ, ಒಂದು ಗರ್ವ ಇಲ್ಲ! ನಾನು ಹೋಗಿ ಅವನ ಕೈಯಿಂದ ಬುಟ್ಟಿ ಕಸಿದುಕೊಂಡೆ.

"ಇಪ್ಪತ್ತ ದಿನ ಬಂದು ಹೆಸರ ತಗೊಂಡು ಹೋಗ್ತಿಯಲ್ಲ, ಉಳದ ದಿನ ಇದನ್ನ ಯಾರ ಬಳೀತಾರ? ನಿಮ್ಮ ಕರ್ನಲ್ ಬರ್ತಾನೇನು?"

"ನೀ ಬಳೀತಿ. ಅದಕ್ಕ ಇವತ್ತ ನಾ ಬಳದೆ."

"ನಂಗ ಉಪಕಾರ ಮಾಡಬ್ಯಾಡ. ನನ್ನ ಕೆಲಸಕ್ಕ ಕೈ ಹಚ್ಚಬ್ಯಾಡ."

"ಯಂಕಪ್ಪ, ಕೇಳು. ಅಲ್ಲಿ ನಾ ಕಣ್ಣ ಮುಚ್ಚಿ ಮಲಗ್ತೀನಂದ್ರ ಇಲ್ಲಿ ನೀ ಅದೀ ಅಂತ."

ನೋಡಿ, ಇಂಥ ಮಾತು ಆಡುತ್ತಿದ್ದ. ಅದನ್ನು ಕೇಳಿ ಅವ್ವನ ಕಣ್ಣಲ್ಲಿ ಮತ್ತೆ ನೀರು. ನನ್ನ ಕೈಯಲ್ಲಿ ಸಗಣಿ ಬುಟ್ಟಿ. ಅವನು ಬೈದಿದ್ದರೆ ಹೊಡೆದಾಡಬಹುದಿತ್ತು. ಅವನು ಅದಕ್ಕೂ ಆಸ್ಪದ ಕೊಡಲಿಲ್ಲ. ಅಂದು ಉಣ್ಣದೆ ಹೊಲಕ್ಕೆ ಹೋದೆ. ಆ ವರ್ಷದ ಸುಗ್ಗಿ ಮುಗಿಸಿ, ಅಪ್ಪನ ಹತ್ತಿರ ಹೇಳಿ, ಹೊಲವನ್ನು ಪಾಲಿಗೆ ಹಾಕಿಸಿ ಗಂಗಾವತಿಗೆ ಹೊರಟೆ. ಊರಲ್ಲಿ ನನಗೆ ಹೆಸರೇ ಉಳಿದಿರಲಿಲ್ಲ. ಚಹಾದಂಗಡಿಯಲ್ಲಿ, ಸಂತೆಯಲ್ಲಿ, ಎಲ್ಲಿ ಹೋದರೂ "ಮಿಲ್ಟ್ರಿ ದ್ಯಾವಪ್ಪನ ತಮ್ಮ".

ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹಮಾಲನಾಗಿ ಚೀಲ ಹೊತ್ತೆ. ಆಮೇಲೆ ಬಾಯ್ಲರ್ ನೋಡಿಕೊಂಡೆ. ಆಮೇಲೆ ಇಡೀ ಗಿರಣಿಗೆ ಮೇಸ್ತ್ರಿಯಾದೆ. ಭತ್ತದ ಕಾಳನ್ನು ಹಲ್ಲಿಗಿಟ್ಟು ಕಡಿದರೆ ಆ ಚಟ್ ಅನ್ನುವ ಸಪ್ಪಳದಲ್ಲೇ ಎಷ್ಟು ಒಣಗಿದೆ, ನುಚ್ಚಾಗುತ್ತದೋ ಅಕ್ಕಿಯಾಗುತ್ತದೋ ಹೇಳುತ್ತೇನೆ, ಮಷೀನು ಬಂದ ಮೇಲೂ ಮಾಲೀಕರು ನನ್ನ ಹಲ್ಲನ್ನೇ ನಂಬಿದರು. ಯಾರ ಕೈಕಾಲು ಹಿಡಿಯದೆ, ಒಂದು ಶಿಫಾರಸು ಇಲ್ಲದೆ ಏರಿದ ಮೆಟ್ಟಿಲು ಇವು. ಆದರೆ ಮೇಸ್ತ್ರಿಯಾದೆ ಅಂತ ಊರಿಗೆ ಹೋಗಿ ಹೇಳಿದ ದಿನವೇ ಅವನು ನಾಯಬ್ ಸುಬೇದಾರ್ ಆದ ಪತ್ರ ಬಂದಿತ್ತು. ಅವ್ವ ಹೌದೇನಪ್ಪಾ, ಛಲೋ ಆತು ಅಂತ ನನಗೆ ಅಂದು, ಪತ್ರ ಚಾಚಿದಳು.

ಅವನು ಸುಬೇದಾರ್ ಮೇಜರ್ ಆದಾಗ ಅಪ್ಪ, ಆಯಿ ಇರಲಿಲ್ಲ. ಆಗ ಮನೆಗೆ ಫೋನು ಬಂದಿತ್ತು. ಹೆಗಲಿಗೆ ಮುದ್ರೆ ಹಚ್ಚುವ ದಿನ ಅವ್ವ ಬರಲೇಬೇಕು, ನೀನೇ ಕರೆದುಕೊಂಡು ಬಾ ಅಂದ. ಬರುವುದಿಲ್ಲ ಅನ್ನಬೇಕೆಂದಿದ್ದೆ. ಗಿರಣಿಯಲ್ಲಿ ಸುಗ್ಗಿ ಕಾಲ, ನೆವ ಕೈಯಲ್ಲೇ ಇತ್ತು. ಆದರೆ ನಾನು ಒಯ್ಯದಿದ್ದರೆ ಅವ್ವ ಇನ್ನಾರದೋ ಜೊತೆ ಹೋಗುತ್ತಾಳೆ, ಆಕೆ ಏನು ನೋಡುತ್ತಾಳೆ ಅನ್ನುವುದು ನನಗೆ ಗೊತ್ತಾಗುವುದಿಲ್ಲ. ಎರಡು ದಿನ ರೈಲಿನಲ್ಲಿ ಕೂತು, ಉತ್ತರದ ಕಡೆಯ ಒಂದು ದಂಡಿನ ಊರಿಗೆ ಹೋದೆವು. ಒಂದು ಹೆಗಲಿಗೆ ಅವರ ದೊಡ್ಡ ಸಾಹೇಬರು ಸಿಂಹದ ಮುದ್ರೆ ಹಚ್ಚಿದರು, ಇನ್ನೊಂದು ಹೆಗಲಿಗೆ ಅವ್ವ. ಪಿನ್ನು ಹಚ್ಚಲು ಆಕೆಗೆ ಹೆಗಲು ಎಟುಕದೆ, ದೇವಪ್ಪ ಮೊಣಕಾಲು ತಗ್ಗಿಸಿ ನಿಂತ. ನಾನು ಎರಡನೇ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದೆ.

ಹುಬ್ಬಳ್ಳಿ ಕಡೆಯ ಒಬ್ಬ ಜವಾನನನ್ನು ನಮ್ಮ ಜೊತೆ ಬಿಟ್ಟಿದ್ದರು. ಸುಬೇದಾರ್ ಮೇಜರ್ ಅಂದರೆ ಇಡೀ ಪಲ್ಟನಿಗೆ ಒಬ್ಬನೇ ಅಂತ ಅವನೇ ಹೇಳಿದ್ದು. ಯಾರಿಗೆ ರಜೆ ಸಿಕ್ಕಿಲ್ಲ, ಯಾರ ಮನೆಯಲ್ಲಿ ತೊಂದರೆ, ಅಡಿಗೆ ಸರಿ ಇದೆಯೋ ಇಲ್ಲವೋ, ಎಲ್ಲ ಸುಬೇದಾರ್ ಮೇಜರನ ಕಿವಿಗೆ.

"ದೊಡ್ಡ ಸಾಹೇಬ್ರಿಗೆ ನಮ್ಮ ಮಾತ ಮುಟ್ಟಸಾವ್ರು ಇವ್ರ ರಿ. ನಮಗ ಅವ್ರ ಮಾತ ತಿಳಿಸಿ ಹೇಳಾವ್ರೂ ಇವ್ರ."

ನಾನು ಮನಸ್ಸಿನಲ್ಲೇ ಅಂದುಕೊಂಡೆ: ಮಾಲೀಕರಿಗೂ ಹಮಾಲರಿಗೂ ನಡುವೆ ನಿಂತು ನಾನು ಮಾಡುತ್ತಿರುವುದು ಮತ್ತೇನು? ಇದೇ ಕೆಲಸ. ನನ್ನ ಹೆಗಲ ಮೇಲೆ ಸಿಂಹ ಇಲ್ಲ, ಚೀಲದ ಕಲೆ ಇದೆ, ಅಷ್ಟೇ. ಅಷ್ಟರಲ್ಲಿ ಆ ಜವಾನ ಕೇಳಿದ.

"ನೀವ ಅಲ್ರೀ ಸಾಹೇಬ್ರ ಅಣ್ಣಾರು?"

"ಯಾರ ಹೇಳಿದ್ರು?"

"ಸಾಹೇಬ್ರ ಹೇಳ್ತಾರ ರಿ, ಹೊಸದಾಗಿ ಭರ್ತಿ ಆದ ಹುಡುಗ್ರಿಗೆಲ್ಲಾ. ನಮ್ಮಣ್ಣ ಸಾಲಿ ಬಿಟ್ಟು ನೇಗಿಲ ಹಿಡದ, ಅದಕ್ಕ ನಾ ಇಲ್ಲಿಗೆ ಬಂದೆ ಅಂತ."

ನನಗೆ ಸಿಟ್ಟೇ ಬಂತು. ಸ್ವಂತ ಊರಲ್ಲಿ ನಾನು ಅವನ ತಮ್ಮ; ಯಾರೂ ನನ್ನನ್ನು ಕಾಣದ ಈ ದೂರದ ಊರಲ್ಲಿ ಅಣ್ಣ. ದಾನ ಮಾಡಿದ ಹಾಗೆ! ದೇವಪ್ಪ ಒಬ್ಬನೇ ಸಿಕ್ಕಾಗ ಕೇಳಿದೆ.

"ಯಾಕೋ, ಮಂದಿ ಮುಂದ ಸುಳ್ಳ ಹೇಳ್ತಿ?"

"ಮೊದಲ ಯಾರ ಹೇಳಿದ್ರು?" ಅಂತ ನಕ್ಕ. ಆಮೇಲೆ ನಗು ನಿಲ್ಲಿಸಿ, "ಭರ್ತಿ ದಿನ ಮನ್ಯಾಗ ಯಾರ್ಯಾರ ಅದಾರ ಅಂತ ಕೇಳಿದ್ರು. ಅಣ್ಣ ಒಬ್ಬ, ಒಕ್ಕಲುತನ ಅಂತ ಬರಸೀನಿ. ಬರಸೂಮುಂದ ನನಗ ಅದು ಸುಳ್ಳ ಅನಿಸಲಿಲ್ಲ ನೋಡು" ಅಂದ.



ಮಧ್ಯಾಹ್ನ ಇಡೀ ಪಲ್ಟನಿನ ಊಟ, ಬಡಾಖಾನಾ ಅನ್ನುತ್ತಾರೆ. ಶಾಮಿಯಾನದ ಕೆಳಗೆ ನೂರಾರು ಜವಾನರು ನಿಂತಿದ್ದರು. ಅವ್ವನನ್ನೂ ನನ್ನನ್ನೂ ಈ ಸಲ ಮುಂದಿನ ಕುರ್ಚಿಗಳಲ್ಲಿ ಕೂರಿಸಿದರು. ದೇವಪ್ಪ ಬಂದು ತಲೆಯ ಟೊಪ್ಪಿಗೆ ತೆಗೆದು ಪಕ್ಕದವನ ಕೈಗೆ ಕೊಟ್ಟು, ಅವ್ವನ ಕಾಲು ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವನು ಒಂದು ಹೆಜ್ಜೆ ಸರಿದು ನನ್ನ ಎದುರಿಗೆ ನಿಂತು ಬಗ್ಗಿದ. ನಮ್ಮಲ್ಲಿ ದೊಡ್ಡವನು ಸಣ್ಣವನ ಕಾಲು ಮುಟ್ಟಬಾರದು, ಮುಟ್ಟಿದರೆ ಸಣ್ಣವನ ಆಯುಷ್ಯಕ್ಕೆ ಒಳ್ಳೆಯದಲ್ಲ ಅಂತಾರೆ. ಮುಟ್ಟುವುದರೊಳಗೆ ಕಾಲು ಹಿಂದಕ್ಕೆ ಎಳೆದುಕೊಂಡು, ಬಗ್ಗಿದವನ ಹೆಗಲು ಹಿಡಿದು ಎಬ್ಬಿಸಬೇಕು. ಅದು ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು, ಆಕೆ ನನ್ನ ಕಾಲನ್ನಲ್ಲ, ಮುಖವನ್ನು ನೋಡುತ್ತಿದ್ದಳು. ಹೊಸ ಮುದ್ರೆ ಇದ್ದ ಅವನ ಹೆಗಲು ನನ್ನ ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ಅವನ ತಲೆಯ ನಡುವೆ ಕೂದಲು ಉದುರಿ ಬಯಲಾಗಿತ್ತು. ಅವನ ಬೆರಳು ನನ್ನ ಚಪ್ಪಲಿಯ ಅಂಚಿಗೆ, ಆಮೇಲೆ ಹಿಮ್ಮಡಿ ಒಡೆದ ಪಾದಕ್ಕೆ ತಾಗಿದವು. ನಾನು ಕಾಲು ತೆಗೆಯಲಿಲ್ಲ. ಇಡೀ ಪಲ್ಟನು ನೋಡುತ್ತಿತ್ತು, ಅವ್ವ ನೋಡುತ್ತಿದ್ದಳು, ನಾನು ಅವನ ತಲೆಯ ಮೇಲೆ ಕೈಯಿಟ್ಟು, ದೊಡ್ಡವರು ಹರಸುವ ಹಾಗೆ, ಸಾವಕಾಶ ಹರಸಿದೆ.